ಸ್ವಿಚ್ ಆಫ್ ಮಾಡಿಯೇ ಬಿಚ್ಚಿದ್ದೆ

ಮನೆಯಲ್ಲೇ ರಿಪೇರಿ ಮಾಡಲು ಹೋಗಿ ಶಾಕ್ ಹೊಡೆಸಿಕೊಂಡು, ಕೊನೆಗೆ ಆ ಉಪಕರಣವನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬರುವವರ ಮಾತು ಬಹುತೇಕ ಒಂದೇ ಆಗಿರುತ್ತದೆ: “ಸ್ವಿಚ್ ಆಫ್ ಮಾಡಿಯೇ ಬಿಚ್ಚಿದ್ದೆ, ಸಾರ್.” ಅವರು ಸುಳ್ಳು ಹೇಳುತ್ತಿಲ್ಲ. ಸ್ವಿಚ್ ಆಫ್ ಆಗಿಯೇ ಇತ್ತು, ಕರೆಂಟ್ ಹೊಡೆದದ್ದೂ ನಿಜ. ಇಪ್ಪತ್ತು ವರ್ಷಗಳಿಂದ ಮಲೆನಾಡಿನ ಊರೊಂದರಲ್ಲಿ ಮಿಕ್ಸಿ, ಗ್ರೈಂಡರ್, ಗೀಸರ್‌ಗಳನ್ನು ಬಿಚ್ಚಿ ಜೋಡಿಸುತ್ತಿರುವ ನನಗೆ ಈ ಕೆಲಸದ ಅಪಾಯದ ಮುಕ್ಕಾಲು ಪಾಲು ‘ಆಫ್’ ಎಂಬ ಪದದ ಮೇಲೆ ನಾವಿಟ್ಟಿರುವ ನಂಬಿಕೆಯಲ್ಲೇ ಇದೆ ಎನ್ನಿಸಿದೆ.

ಗೋಡೆಯ ಮೇಲಿನ ಸ್ವಿಚ್ ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಆ ಒಂದು, ಕರೆಂಟ್ ಹೊತ್ತು ತರುವ ಫೇಸ್ ಆಗಿರಬೇಕು ಎಂಬುದು ನಿಯಮ. ಆಗಿದೆಯೇ ಎಂಬುದು ವೈರಿಂಗ್ ಮಾಡಿದವನ ಕೈಯಲ್ಲಿತ್ತು. ಫೇಸ್ ಬದಲು, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ಸ್ವಿಚ್ಚಿಗೆ ಬಂದಿದ್ದರೆ ಮಿಕ್ಸಿ ಎಂದಿನಂತೆ ಓಡುತ್ತದೆ, ಎಂದಿನಂತೆ ನಿಲ್ಲುತ್ತದೆ, ಹತ್ತು ವರ್ಷ ಕಳೆದರೂ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಸ್ವಿಚ್ ಆಫ್ ಇದ್ದಾಗಲೂ ಒಳಗಿನ ಕಾಯಿಲ್, ಕಾರ್ಬನ್ ಬ್ರಷ್, ಓವರ್‌ಲೋಡ್ ಬಟನ್ ಎಲ್ಲದರ ಮೇಲೂ 230 ವೋಲ್ಟ್ ಕಾದು ಕುಳಿತಿರುತ್ತದೆ. ಮೂರು ಪಿನ್ನಿನ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ), ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಹಳೆಯ ಮನೆಗಳಲ್ಲಿ, ಅದರಲ್ಲೂ ಆಮೇಲೆ ಒಂದೊಂದಾಗಿ ಸೇರಿಸಿದ ಪಾಯಿಂಟ್‌ಗಳಲ್ಲಿ, ಇದು ತಿರುವುಮುರುವಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎರಡು ಪಿನ್ನಿನ ಪ್ಲಗ್ಗಿಗಂತೂ ಬಲ ಎಡ ಎಂಬುದೇ ಇಲ್ಲ. ಟೇಬಲ್ ಲ್ಯಾಂಪಿನ ವೈರಿನ ಮಧ್ಯದ ಪುಟ್ಟ ಸ್ವಿಚ್ಚು ಇವತ್ತು ಫೇಸನ್ನು ಕಡಿದರೆ, ನಾಳೆ ಪ್ಲಗ್ ತಿರುಗಿಸಿ ಹಾಕಿದಾಗ ನ್ಯೂಟ್ರಲನ್ನು ಕಡಿಯುತ್ತದೆ. ಆದ್ದರಿಂದ ಪ್ಲಗ್ ಕಿತ್ತು, ಅದನ್ನು ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟುಕೊಂಡ ಮೇಲೆಯೇ ಸ್ಕ್ರೂ ಡ್ರೈವರ್ ಹಿಡಿಯಬೇಕು. ಗೀಸರಿನಂತೆ ನೇರವಾಗಿ ವೈರ್ ಕೂಡಿಸಿದ ಉಪಕರಣಕ್ಕೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಬೇಕು.

“ಮೇನ್ ಸ್ವಿಚ್ಚನ್ನೇ ಆಫ್ ಮಾಡಿಬಿಟ್ಟರೆ?” ಎಂದು ಕೇಳುವವರಿದ್ದಾರೆ. ಇನ್ವರ್ಟರ್ ಇರುವ ಮನೆಯಲ್ಲಿ ಅದು ಸಾಲದು. ಅಲ್ಲಿ ಮೇನ್ ಆಫ್ ಮಾಡುವುದೆಂದರೆ ಇನ್ವರ್ಟರಿಗೆ “ಕರೆಂಟ್ ಹೋಗಿದೆ, ಈಗ ನೀನು ಕೊಡು” ಎಂದು ಹೇಳಿದಂತೆ. ಕಣ್ಣು ಮಿಟುಕಿಸುವುದರೊಳಗೆ ಅದು ಫ್ಯಾನ್, ಲೈಟುಗಳ ಲೈನಿಗೆ ಮತ್ತೆ 230 ವೋಲ್ಟ್ ತುಂಬುತ್ತದೆ. ಇದನ್ನು ನಾನು ಕಲಿತದ್ದು ಸ್ಟೂಲಿನ ಮೇಲೆ ನಿಂತು ಫ್ಯಾನಿನ ಕೆಪಾಸಿಟರ್ ಬದಲಿಸುವಾಗ. ರೆಗ್ಯುಲೇಟರ್ ಸೊನ್ನೆಯಲ್ಲಿತ್ತು, ಮೇನ್ ಆಫ್ ಆಗಿತ್ತು, ಆ ಕೋಣೆಯ ಸ್ವಿಚ್ಚು ಮಾತ್ರ ನ್ಯೂಟ್ರಲಿಗೆ ಹಾಕಿದ್ದಾಗಿತ್ತು. ಶಾಕಿಗಿಂತ ಬಿದ್ದ ಪೆಟ್ಟೇ ಹೆಚ್ಚು ದಿನ ನೋವು ಕೊಟ್ಟಿತು. ಏಣಿ, ಸ್ಟೂಲುಗಳ ಮೇಲೆ ಸಣ್ಣ ಶಾಕ್ ಕೂಡ ದೊಡ್ಡ ಅಪಘಾತ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ.

ಟೆಸ್ಟರ್ ಹಿಡಿದು ನೋಡಿದೆ, ಉರಿಯಲಿಲ್ಲ ಎಂಬುದು ಎರಡನೆಯ ನಂಬಿಕೆ. ಟೆಸ್ಟರಿನೊಳಗೆ ಒಂದು ನಿಯಾನ್ ದೀಪ, ಅದರ ಬೆನ್ನಿಗೊಂದು ದೊಡ್ಡ ರೆಸಿಸ್ಟರ್ ಇರುತ್ತವೆ; ಒಂದು ಮಿಲಿಆಂಪಿಗಿಂತ (ಆಂಪಿನ ಸಾವಿರದಲ್ಲೊಂದು ಪಾಲು) ಕಡಿಮೆ ಕರೆಂಟ್ ನಮ್ಮ ಮೈ ಮೂಲಕ ನೆಲಕ್ಕೆ ಹರಿದಾಗ ದೀಪ ಹೊತ್ತುತ್ತದೆ. ಒಣ ಮರದ ಸ್ಟೂಲಿನ ಮೇಲೆ ದಪ್ಪ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಅದು ಮಂಕಾಗಬಹುದು, ಹಗಲ ಬೆಳಕಿನಲ್ಲಿ ಕಾಣದೆಯೇ ಹೋಗಬಹುದು, ನ್ಯೂಟ್ರಲ್ ಎಲ್ಲೋ ಕಡಿದಿದ್ದರೆ ಎರಡೂ ತಂತಿಗಳಲ್ಲಿ ಉರಿಯಬಹುದು. ಉರಿದರೆ ನಂಬಬೇಕು, ಉರಿಯದಿದ್ದರೆ ನಂಬಬಾರದು. ಮಲ್ಟಿಮೀಟರನ್ನೂ ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಪಾಯಿಂಟಿನಲ್ಲಿ ಹಿಡಿದು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಅಳೆದು, ಮತ್ತೆ ಮೊದಲಿನ ಪಾಯಿಂಟಿನಲ್ಲಿ ಪರೀಕ್ಷಿಸುವುದು ನಮ್ಮ ಅಂಗಡಿಯ ಪದ್ಧತಿ. ಮೀಟರಿನ ವೈರ್ ಒಳಗೇ ಕಡಿದಿದ್ದರೂ ಅದು ಸೊನ್ನೆಯನ್ನೇ ತೋರಿಸುತ್ತದೆ.

ಎಷ್ಟು ಕರೆಂಟ್ ಅಪಾಯಕಾರಿ ಎಂಬುದಕ್ಕೆ ಅಂದಾಜಿನ ಉತ್ತರ ಬೇಕಿಲ್ಲ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟಿನವರೆಗೆ ಅವರು ಹಿಡಿದದ್ದನ್ನು ತಾವಾಗಿ ಬಿಡಬಲ್ಲರು ಎಂದು ಅಳೆದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪ್, ಹೆಂಗಸರಲ್ಲಿ ಸುಮಾರು 10.5 ಮಿಲಿಆಂಪ್ ಬಂದಿತು. ಅದನ್ನು ಮೀರಿದರೆ ಸ್ನಾಯುಗಳು ಬಿಗಿದು ಕೈ ತಂತಿಯನ್ನು ಬಿಡುವುದೇ ಇಲ್ಲ; ಇನ್ನೂ ಹೆಚ್ಚಿದರೆ, ಹೆಚ್ಚು ಹೊತ್ತು ಹರಿದರೆ, ಹೃದಯದ ಬಡಿತವೇ ತಾಳ ತಪ್ಪುತ್ತದೆ. ನಮ್ಮ ಮನೆಯ 230 ವೋಲ್ಟಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ದೇಹದ ತಡೆ ಸುಮಾರು 1500 ಓಂ ಎಂದು ಹಿಡಿದರೂ 150 ಮಿಲಿಆಂಪ್ ಹರಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಕೈ, ಬರಿಗಾಲು, ತೇವದ ನೆಲ ಸೇರಿದರೆ ಲೆಕ್ಕ ಮೇಲಕ್ಕೇ ಹೋಗುತ್ತದೆ.

ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು ನಮ್ಮವರೇ ಬಳಸುವ ಸೀರೀಸ್ ಬೋರ್ಡನ್ನು ನೋಡಬೇಕು. 100 ವ್ಯಾಟಿನ ಬಲ್ಬನ್ನು ಸರಣಿಯಲ್ಲಿ ಹಾಕಿ ಉಪಕರಣವನ್ನು ಪರೀಕ್ಷಿಸುವುದು ಬಹಳ ಒಳ್ಳೆಯ ಪದ್ಧತಿ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಫ್ಯೂಸ್ ಹೋಗುವುದಿಲ್ಲ. ಆದರೆ ಕಲಿಯಲು ಬರುವ ಹುಡುಗರು “ಸೀರೀಸಿನಲ್ಲಿದೆ, ಹೊಡೆಯಲ್ಲ ಅಣ್ಣ” ಎಂದು ಕೈ ಹಾಕುತ್ತಾರೆ. ಆ ಬಲ್ಬಿನ ಮೂಲಕ 430 ಮಿಲಿಆಂಪ್‌ವರೆಗೆ ಸಲೀಸಾಗಿ ಹರಿಯಬಲ್ಲದು, ತಣ್ಣಗಿರುವ ಫಿಲಮೆಂಟಿನ ತಡೆಯೋ ಕೆಲವು ಹತ್ತು ಓಂ ಮಾತ್ರ. ಮನುಷ್ಯನ 1500 ಓಂ ಎದುರು ಅದು ಇದ್ದೂ ಇಲ್ಲದಂತೆ. ಸೀರೀಸ್ ಬೋರ್ಡ್ ಕಾಯುವುದು ಫ್ಯೂಸನ್ನು.

ಪ್ಲಗ್ ಕಿತ್ತ ಮೇಲೂ ಕರೆಂಟ್ ಉಳಿಯುವ ಜಾಗ ಕೆಪಾಸಿಟರ್. ಟಿವಿ, ಕಂಪ್ಯೂಟರ್, ಇನ್ವರ್ಟರ್ ಮಾದರಿಯ ಫ್ರಿಜ್ ಮತ್ತು ವಾಷಿಂಗ್ ಮಷೀನುಗಳ ಬೋರ್ಡಿನಲ್ಲಿ 230 ವೋಲ್ಟಿನ ಏಸಿಯನ್ನು ಮೊದಲು ಡಿಸಿ ಮಾಡುತ್ತಾರೆ. ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಬೋರ್ಡ್ ಸರಿಯಿದ್ದರೆ ಅದು ತಾನಾಗಿ ಖಾಲಿಯಾಗುತ್ತದೆ. ಆದರೆ ರಿಪೇರಿಗೆ ಬಂದಿರುವುದೇ ಸರಿಯಿಲ್ಲದ ಬೋರ್ಡ್ ಅಲ್ಲವೇ? ಚಾರ್ಜನ್ನು ಖಾಲಿ ಮಾಡಬೇಕಾದ ದಾರಿಯೇ ಸುಟ್ಟುಹೋಗಿದ್ದರೆ ಸತ್ತ ಬೋರ್ಡು ಕೆಲಸ ಮಾಡುವ ಬೋರ್ಡಿಗಿಂತ ಹೆಚ್ಚು ಹೊತ್ತು ಚಾರ್ಜ್ ಹಿಡಿದಿರುತ್ತದೆ. ಸ್ಕ್ರೂ ಡ್ರೈವರಿನಿಂದ ಎರಡು ಕಾಲುಗಳನ್ನು ಮುಟ್ಟಿಸಿ ಕಿಡಿ ಹಾರಿಸುವ ರೂಢಿ ನನಗೆ ಹಿಡಿಸುವುದಿಲ್ಲ. ಹಳೆಯ ಫಿಲಮೆಂಟ್ ಬಲ್ಬಿನ ಹೋಲ್ಡರಿಗೆ ಚೆನ್ನಾಗಿ ಇನ್ಸುಲೇಷನ್ ಇರುವ ಎರಡು ಪ್ರೋಬ್ ಕೂಡಿಸಿ ಮುಟ್ಟಿಸಿದರೆ ಚಾರ್ಜ್ ಸದ್ದಿಲ್ಲದೆ ಇಳಿಯುತ್ತದೆ. ಇಳಿದಿದೆಯೇ ಎಂಬುದನ್ನು ಮೀಟರಿನ ಡಿಸಿ ವೋಲ್ಟ್‌ನಲ್ಲಿ ನೋಡಲೇಬೇಕು.

ಮೈಕ್ರೋವೇವ್ ಒಲೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಅದರ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತದೆ, ನೂರಾರು ಮಿಲಿಆಂಪ್ ಹರಿಸುವ ಶಕ್ತಿಯೊಂದಿಗೆ. ಕೆಪಾಸಿಟರಿನೊಳಗೆ ಚಾರ್ಜ್ ಇಳಿಸುವ ರೆಸಿಸ್ಟರ್ ಸಾಮಾನ್ಯವಾಗಿ ಇರುತ್ತದೆಯಾದರೂ ಅದು ಒಳಗೇ ಕಡಿದಿದ್ದರೆ ಹೊರಗಿನಿಂದ ಯಾವ ಗುರುತೂ ಸಿಗದು. ಸಾಮಾನ್ಯ ಮಲ್ಟಿಮೀಟರನ್ನು ಅಲ್ಲಿಗೆ ಹಿಡಿಯುವುದೂ ಅಪಾಯ.

ಈಚೆಗೆ ಹೆಚ್ಚು ಜನ ಕೈ ಹಾಕುತ್ತಿರುವುದು 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು, ಬಿಳಿ ಗುಂಬಜು ತೆಗೆದು, ಬಲ್ಬನ್ನು ಹೋಲ್ಡರಿಗೆ ಹಾಕಿ ಉರಿಸಿಯೇ, ಚಿಮುಟದಿಂದ ಒಂದೊಂದು ಚಿಪ್ಪನ್ನು ಮುಟ್ಟಿಸುತ್ತಾ ಯಾವುದು ಸುಟ್ಟಿದೆ ಎಂದು ಹುಡುಕುತ್ತಾರೆ. ಎಲ್‌ಇಡಿ ಎಂದರೆ ಮೂರು ವೋಲ್ಟ್ ಎಂಬ ತಿಳಿವಳಿಕೆ ಅದರ ಹಿಂದಿದೆ. ಒಂದು ಎಲ್‌ಇಡಿಯ ಎರಡು ತುದಿಗಳ ನಡುವೆ ಅಷ್ಟೇ ಇರಬಹುದು. ಆದರೆ ಇಂಥ ಅಗ್ಗದ ಬಲ್ಬುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರಿನ ಬೇರ್ಪಡಿಕೆ ಇರುವುದಿಲ್ಲವಾದ್ದರಿಂದ, ನೆಲದ ಮೇಲೆ ನಿಂತ ಮನುಷ್ಯನ ಪಾಲಿಗೆ ಆ ಚಿಪ್ಪು ಮನೆಯ ಫೇಸ್ ತಂತಿಗೇ ಸಮ. ಇಂಡಕ್ಷನ್ ಒಲೆಯ ಕಥೆಯೂ ಇದೇ. ಅದರ ಬಟನ್ನುಗಳ ಹಿಂದಿನ 5 ವೋಲ್ಟ್ ಮೀಟರಿನಲ್ಲಿ 5 ವೋಲ್ಟೇ ಹೌದು, ಬೆರಳಿಗೆ ಹಾಗಲ್ಲ. ಹಲವು ಮಾದರಿಗಳಲ್ಲಿ ಒಳಗಿನ ಅಲ್ಯುಮಿನಿಯಂ ಹೀಟ್ ಸಿಂಕ್ ಕೂಡ ಮೇನ್ ಲೈನಿಗೇ ಸೇರಿರುತ್ತದೆ.

ಕರೆಂಟ್ ಸೋರಿದೊಡನೆ ಲೈನನ್ನು ತಾನಾಗಿ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಮನೆಯಲ್ಲಿದ್ದರೆ ಇವುಗಳಲ್ಲಿ ಅನೇಕ ಶಾಕ್‌ಗಳು ಪ್ರಾಣಕ್ಕೆ ಮುಟ್ಟುವ ಮೊದಲೇ ಕಡಿಯುತ್ತವೆ. ಲೋಡ್ ಮಿತಿ ಮೀರಿದಾಗ ಬೀಳುವ ಎಂಸಿಬಿ ಆ ಕೆಲಸ ಮಾಡುವುದಿಲ್ಲ. 16 ಆಂಪಿನ ಎಂಸಿಬಿಗೆ ಮನುಷ್ಯನ 150 ಮಿಲಿಆಂಪ್ ಲೆಕ್ಕಕ್ಕೇ ಬಾರದು. ಆದರೆ ಆರ್‌ಸಿಸಿಬಿ ಗಮನಿಸುವುದು ಹೋದ ಕರೆಂಟ್ ಪೂರ್ತಿ ವಾಪಸ್ ಬಂತೇ ಎಂಬುದನ್ನಷ್ಟೇ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನು ಅದರ ಕಣ್ಣಿಗೆ ಉರಿಯುವ ಬಲ್ಬಿನಂತೆಯೇ ಕಾಣುತ್ತಾನೆ. ಹಳೆಯ ಮೆಕ್ಯಾನಿಕ್‌ಗಳು ಕರೆಂಟಿರುವಾಗ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ಅಳತೆ ಮಾಡುತ್ತಿದ್ದುದು ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯದಿರಲಿ ಎಂಬ ಕಾರಣಕ್ಕೆ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಅವರನ್ನು ಮುಟ್ಟದೆ ಮೊದಲು ಸಪ್ಲೈ ಕಡಿಯಬೇಕು, ಆಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ ಒತ್ತುತ್ತಲೇ ಇರಬೇಕು. ಬಲವಾದ ಶಾಕ್ ಹೊಡೆದವರು ಎದ್ದು ಓಡಾಡಿದರೂ ಆಸ್ಪತ್ರೆಗೆ ತೋರಿಸುವುದು ಒಳ್ಳೆಯದು.

ರಿಪೇರಿ ಮುಗಿದ ಮೇಲಿನ ಅಪಾಯ ಮಾಡಿದವನದ್ದಲ್ಲ, ಬಳಸುವವರದ್ದು. ಕವಚದ ಸ್ಕ್ರೂ ಕೆಳಗೆ ವೈರ್ ಸಿಕ್ಕಿಕೊಂಡಿರುತ್ತದೆ, ಬಿಚ್ಚುವಾಗ ತೆಗೆದ ಹಸಿರು ಅರ್ಥ್ ವೈರನ್ನು ಮತ್ತೆ ಕೂಡಿಸಲು ಮರೆತಿರುತ್ತಾರೆ. ಮೋಟಾರ್ ಓಡುವುದಕ್ಕೆ ಆ ವೈರ್ ಬೇಕಿಲ್ಲವಾದ್ದರಿಂದ ತಪ್ಪು ಗೊತ್ತೂ ಆಗುವುದಿಲ್ಲ. ನನ್ನ ಅಂಗಡಿಯಲ್ಲಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದು ಕವಚಕ್ಕೂ ತಂತಿಗಳಿಗೂ ನಡುವೆ 2 ಮೆಗಾಓಂಗಿಂತ ಕಡಿಮೆ ಬಂದರೆ ಉಪಕರಣವನ್ನು ವಾಪಸ್ ಕೊಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ಬೆಲ್ಟ್ ಬದಲಿಸಲೆಂದು ಟೇಬಲ್ ಟಾಪ್ ಗ್ರೈಂಡರ್ ತಂದರು. ಮೋಟಾರ್ ಚೆನ್ನಾಗಿಯೇ ಓಡುತ್ತಿತ್ತು, ಮೆಗ್ಗರಿನ ಮುಳ್ಳು ಮಾತ್ರ ಸೊನ್ನೆಯಿಂದ ಮೇಲೇಳಲಿಲ್ಲ. ಬಿಚ್ಚಿ ನೋಡಿದರೆ ಹಸಿರು ವೈರನ್ನು ಅಚ್ಚುಕಟ್ಟಾಗಿ ಟೇಪು ಸುತ್ತಿ ಒಳಗೆ ಮಡಚಿಡಲಾಗಿತ್ತು. ಯಾರು ಮಾಡಿದ್ದು ಎಂದು ಕೇಳಿದೆ. “ನಾನೇ. ಅದು ಇದ್ದರೆ ಮನೆಯ ಟ್ರಿಪ್ಪರ್ ಬೀಳುತ್ತಿತ್ತು, ತೆಗೆದ ಮೇಲೆ ಒಂದು ಸಲವೂ ಬಿದ್ದಿಲ್ಲ” ಎಂದರು. ಮತ್ತೆ ಸ್ವಲ್ಪ ತಡೆದು, “ನಮ್ಮ ಸೊಸೆ ಮಾತ್ರ ರುಬ್ಬುವಾಗ ಚಪ್ಪಲಿ ಹಾಕಿಕೊಳ್ಳುತ್ತಾಳೆ” ಎಂದರು.