ಶಾಂತಿಯ ಪೋಸ್ಟ್ ಓದುವಾಗ ಕ್ರಿಯಾಪದ ನೋಡಿ

ಎಲ್ಲೋ ಯುದ್ಧ ನಿಂತಿತೆಂಬ ಸುದ್ದಿ ಬಂದರೆ ಸಾಕು, ನನ್ನ ಮೊಬೈಲ್‌ಗೆ ಸ್ಕ್ರೀನ್‌ಶಾಟ್‌ಗಳ ಸುರಿಮಳೆ. ಅಂತಾರಾಷ್ಟ್ರೀಯ ಸಂಬಂಧಗಳ ಪಾಠ ಹೇಳುವ ನನಗೆ ವಿದ್ಯಾರ್ಥಿಗಳು ಕೇಳುವುದು ಒಂದೇ: 'ಸರ್, ನಿಲ್ಲಿಸಿದ್ದು ಇವರೇ ಅಲ್ಲವೇ?' ಕಳುಹಿಸಿರುವುದು ಮೂರನೆಯ ದೇಶದ ನಾಯಕನ ಪೋಸ್ಟ್. ಕಾದಾಡಿದ ಇಬ್ಬರು ಏನೆಂದರು ಎಂದು ಕೇಳಿದರೆ ಉತ್ತರವಿಲ್ಲ. ಹೇಳಿ ಹೇಳಿ ಸಾಕಾಗಿದೆ, ಆದರೂ ಮತ್ತೆ ಹೇಳುತ್ತೇನೆ: ಕದನ ವಿರಾಮವೆಂದರೆ ಬಂದೂಕು ಹಿಡಿದವರ ಒಪ್ಪಿಗೆ. ಅದನ್ನು ಯಾರು ಬೇಕಾದರೂ ಸಾರಬಹುದು. ಕೊಡಬೇಕಾದವರು ಆ ಇಬ್ಬರೇ.

2025ರ ಮೇ 10ರ ಸಂಜೆಯನ್ನು ನೆನಪಿಸಿಕೊಳ್ಳಿ. ಅಮೆರಿಕದ ಮಧ್ಯಸ್ಥಿಕೆಯಲ್ಲಿ ರಾತ್ರಿಯಿಡೀ ಮಾತುಕತೆ ನಡೆದು ಭಾರತ, ಪಾಕಿಸ್ತಾನ ಕದನ ವಿರಾಮಕ್ಕೆ ಒಪ್ಪಿವೆ ಎಂದು ಟ್ರಂಪ್ ತಮ್ಮದೇ ಜಾಲತಾಣ ಟ್ರೂತ್ ಸೋಶಿಯಲ್‌ನಲ್ಲಿ ಬರೆದರು. ಬಳಿಕ ಭಾರತದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಓದಿದ ಚಿಕ್ಕ ಹೇಳಿಕೆಯಲ್ಲಿ ಅಮೆರಿಕದ ಹೆಸರೇ ಇರಲಿಲ್ಲ. ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಭಾರತದ ಮಹಾನಿರ್ದೇಶಕರಿಗೆ ಕರೆ ಮಾಡಿದರು, 5 ಗಂಟೆಯಿಂದ ದಾಳಿ ನಿಲ್ಲಿಸಲು ಒಪ್ಪಿದರು, ಅಷ್ಟೇ. ವಿದೇಶಾಂಗ ಸಚಿವ ಜೈಶಂಕರ್ ಎಕ್ಸ್‌ನಲ್ಲಿ 'ಕದನ ವಿರಾಮ' ಎನ್ನಲೂ ಇಲ್ಲ. ಗುಂಡಿನ ದಾಳಿ ನಿಲ್ಲಿಸುವ ಕುರಿತು 'ತಿಳಿವಳಿಕೆ'ಗೆ ಬರಲಾಗಿದೆ ಎಂದರು. ಪಾಕಿಸ್ತಾನದ ಪ್ರಧಾನಿ ಶೆಹಬಾಜ್ ಷರೀಫ್ ಮಾತ್ರ ಟ್ರಂಪ್‌ಗೆ ಧನ್ಯವಾದ ಹೇಳಿದರು. ಈ ವ್ಯತ್ಯಾಸದ ಬೇರು ಎರಡೂ ದೇಶಗಳ ನಡುವಿನ 1972ರ ಶಿಮ್ಲಾ ಒಪ್ಪಂದದವರೆಗೂ ಹೋಗುತ್ತದೆ. ನಮ್ಮಿಬ್ಬರ ವಿಷಯ ನಾವೇ ಬಗೆಹರಿಸಿಕೊಳ್ಳುತ್ತೇವೆ ಎಂಬ ನಿಲುವು ಭಾರತದ್ದು. ಮೂರನೆಯವರು ಬರಲಿ ಎನ್ನುವುದು ಪಾಕಿಸ್ತಾನದ್ದು.

ಅಮೆರಿಕ ಕೈಕಟ್ಟಿ ಕುಳಿತಿತ್ತೆಂದು ನಾನು ಹೇಳುತ್ತಿಲ್ಲ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರುಬಿಯೊ, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಕರೆ ಮಾಡಿದ್ದನ್ನು ಭಾರತವೂ ಅಲ್ಲಗಳೆದಿಲ್ಲ. ಆ ಒತ್ತಡ ಎಷ್ಟು ಕೆಲಸ ಮಾಡಿತೆಂದು ಹೊರಗಿನಿಂದ ಅಳೆಯಲಾಗದು. ಆದರೆ ಫೋನಿನಲ್ಲಿ ಒತ್ತಾಯಿಸುವುದು ಬೇರೆ, ನಡುವೆ ಕುಳಿತು ಷರತ್ತುಗಳನ್ನು ಹೊಂದಿಸುವುದು ಬೇರೆ. ಅದಕ್ಕೇ ಕ್ರಿಯಾಪದ ನೋಡಿ ಎನ್ನುತ್ತೇನೆ. 'ಸ್ವಾಗತಿಸುತ್ತೇವೆ' ಎಂದವರು ಸಾಮಾನ್ಯವಾಗಿ ಹೊರಗಿದ್ದವರು. 'ಆತಿಥ್ಯ ವಹಿಸಿದೆವು' ಎಂದರೆ ಕೋಣೆ ಕೊಟ್ಟವರು. 'ಮಧ್ಯಸ್ಥಿಕೆ ವಹಿಸಿದೆವು' ಎಂಬುದು ದೊಡ್ಡ ಮಾತು. ಎರಡೂ ಕಡೆಯವರು ಅದನ್ನೇ ಹೇಳುವವರೆಗೆ ಅದು ಒಬ್ಬರ ಹೇಳಿಕೆ ಮಾತ್ರ.

ತರಗತಿಯಲ್ಲಿ 1993ರ ಸೆಪ್ಟೆಂಬರ್ 13ರ ಚಿತ್ರ ತೋರಿಸುತ್ತೇನೆ. ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲ್ ಪ್ರಧಾನಿ ರಾಬಿನ್, ಪ್ಯಾಲೆಸ್ತೀನ್ ನಾಯಕ ಅರಾಫತ್ ಕೈಕುಲುಕುತ್ತಿದ್ದಾರೆ. ನಡುವೆ ತೋಳು ಚಾಚಿ ನಿಂತವರು ಅಮೆರಿಕ ಅಧ್ಯಕ್ಷ ಕ್ಲಿಂಟನ್. ಅಂದು ಸಹಿಯಾದ ಓಸ್ಲೋ ಒಪ್ಪಂದ ಹದಗೊಂಡದ್ದು ನಾರ್ವೆಯಲ್ಲಿ, ತಿಂಗಳುಗಟ್ಟಲೆ ಗುಟ್ಟಾಗಿ. ಎಲ್ಲಿ ಎಂದು ಕೇಳಿದರೆ ಅರ್ಧ ತರಗತಿ ವಾಷಿಂಗ್ಟನ್ ಎನ್ನುತ್ತದೆ.

ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಯುದ್ಧ ನಿಲ್ಲಲಿ ಎಂಬ ಆಸೆಯಿಂದಲೇ ಅವರು ಹಂಚುತ್ತಾರೆ. ಮೇ 10ರ ಆ ಸಂಜೆ 'ಮುಗಿಯಿತು ಸರ್' ಎಂದು ಬರೆದಿದ್ದ ಹುಡುಗಿಯೇ, ಶ್ರೀನಗರದಲ್ಲಿ ಸ್ಫೋಟದ ಸದ್ದು ಕೇಳಿಬಂತೆಂಬ ಸುದ್ದಿ ನೋಡಿ ರಾತ್ರಿ ಗಾಬರಿಯಿಂದ ಕರೆ ಮಾಡಿದಳು. ಮೇ 12ರಂದು ಸೇನಾಧಿಕಾರಿಗಳಿಬ್ಬರೂ ಮತ್ತೆ ಮಾತನಾಡುವುದಿದೆ, ಅಲ್ಲಿಯವರೆಗೆ ಕಾಯೋಣ ಎಂದೆ. ಮುಂದಿನ ಸಲ ನನಗೆ ಪೋಸ್ಟ್ ಕಳುಹಿಸುವವರು ಕಾದಾಡಿದ ಎರಡೂ ದೇಶಗಳ ಹೇಳಿಕೆಗಳನ್ನು ಜೊತೆಗಿಟ್ಟು ಕಳುಹಿಸಿ. ಮೂರನ್ನೂ ಕೂತು ಓದೋಣ.