ಮುಳುಗುವ ನೆಲವನ್ನು ಕಂಪನಗಳೇ ತೋರಿಸಿಕೊಟ್ಟ ಕಥೆ

ಜಪಾನ್ ಸಮುದ್ರದಡಿ ನೂರಾರು ಕಿ.ಮೀ. ಆಳದಲ್ಲಿ ಭೂಕಂಪವಾದರೆ, ಎಷ್ಟೋ ಸಲ ಅದರ ನೆತ್ತಿಯ ಮೇಲಿರುವ ಹತ್ತಿರದ ಊರುಗಳಿಗೆ ಸುದ್ದಿಯೇ ಗೊತ್ತಾಗುವುದಿಲ್ಲ. ನಡುಗುವುದು ಆಚೆ ಬದಿಯ, ದೂರದ ಪೆಸಿಫಿಕ್ ಕರಾವಳಿ. ಈ ಒಗಟು ಬಿಡಿಸಲು ಹಲವು ದಶಕ ಹಿಡಿಯಿತು.

ಮೊದಲು ತಿಳಿಯಬೇಕಿದ್ದದ್ದು, ಭೂಕಂಪ ಅಷ್ಟು ಆಳದಲ್ಲಿ ಆಗಬಲ್ಲದೇ ಎಂಬುದು. ಭೂಕಂಪದಿಂದ ವೇಗದ 'ಪಿ' ಅಲೆ ಮೊದಲು ಬರುತ್ತದೆ, ನಿಧಾನದ 'ಎಸ್' ಅಲೆ ಹಿಂದಿನಿಂದ. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲಿನ ದೂರ ಅಂದಾಜಿಸುತ್ತೇವಲ್ಲ, ಹಾಗೇ ಈ ಎರಡರ ಅಂತರದಿಂದ ಭೂಕಂಪದ ದೂರ ಸಿಗುತ್ತದೆ. ಜಪಾನಿನ ಹವಾಮಾನ ವೀಕ್ಷಣಾಲಯದಲ್ಲಿದ್ದ ಕಿಯೂ ವದಾತಿ ಗಮನಿಸಿದ್ದು ಇದನ್ನೇ: ಕೆಲವು ಭೂಕಂಪಗಳಲ್ಲಿ ಅತಿ ಹತ್ತಿರದ ಕೇಂದ್ರದಲ್ಲೂ ಈ ಅಂತರ ದೊಡ್ಡದಾಗಿಯೇ ಉಳಿದಿತ್ತು. ಅಂದರೆ ದೂರ ಇದ್ದದ್ದು ಅಡ್ಡಕ್ಕಲ್ಲ, ಕೆಳಕ್ಕೆ. 1928ರಲ್ಲಿ ಅವರು ಇದನ್ನು ಪ್ರಕಟಿಸಿದರು. 1935ರ ಹೊತ್ತಿಗೆ ಇಂಥ ಭೂಕಂಪಗಳು ಹುಟ್ಟುವ ಬಿಂದುಗಳು ಪೆಸಿಫಿಕ್ ಕಡೆಯಿಂದ ಏಷ್ಯಾ ಖಂಡದತ್ತ ಇಳಿಜಾರಾಗಿ ಸಾಗುವುದನ್ನೂ ತೋರಿಸಿದರು. ಭೂಮಿಯ ಹೊರಚಿಪ್ಪು ಚಲಿಸುವ ಹಲಗೆಗಳಿಂದಾಗಿದೆ ಎನ್ನುವ ಭೂಫಲಕಗಳ ಸಿದ್ಧಾಂತ ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲಿನ ಮಾತಿದು! ಮುಂದೆ 1949ರಲ್ಲಿ ಅಮೆರಿಕದ ಹ್ಯೂಗೊ ಬೆನಿಯಾಫ್ ದಕ್ಷಿಣ ಪೆಸಿಫಿಕ್‌ನ ಟೊಂಗಾ ಮತ್ತು ದಕ್ಷಿಣ ಅಮೆರಿಕದಲ್ಲೂ ಇಂಥದೇ ಇಳಿಜಾರು ಕಂಡರು.

ಆದರೆ ಬಿಂದುಗಳು ಹೇಳಿದ್ದು ನೆಲ ಎಲ್ಲಿ ಒಡೆಯುತ್ತದೆ ಎಂಬುದನ್ನಷ್ಟೇ. ಅಲ್ಲಿ ಇರುವುದೇನು? ಅಮೆರಿಕದ ಭೂಕಂಪ ವಿಜ್ಞಾನಿಗಳಾದ ಜ್ಯಾಕ್ ಆಲಿವರ್ ಮತ್ತು ಬ್ರಯನ್ ಐಸಾಕ್ಸ್ ಫಿಜಿ, ಟೊಂಗಾ ದ್ವೀಪಗಳಲ್ಲಿ ಭೂಕಂಪಮಾಪಕಗಳನ್ನಿಟ್ಟರು. ಆಳದ ಒಂದೇ ಭೂಕಂಪದ ಅಲೆಗಳು ಫಿಜಿಗೆ ಮಂಕಾಗಿ ಬಂದರೆ, ಟೊಂಗಾಕ್ಕೆ ಚುರುಕಾಗಿ ಬಂದವು. ಬಿಸಿಯಾದ, ಮೆತ್ತಗಿನ ಶಿಲೆ ಅಲೆಯ ವೇಗದ ಕಂಪನಗಳನ್ನು ನುಂಗಿಬಿಡುತ್ತದೆ. ತಣ್ಣಗಿನ ಗಟ್ಟಿ ಶಿಲೆ ಹಾಗೇ ದಾಟಿಸುತ್ತದೆ. ಸುಮಾರು 100 ಕಿ.ಮೀ. ದಪ್ಪದ ತಣ್ಣನೆಯ ಹಲಗೆಯೊಂದು ಟೊಂಗಾದಡಿಯಿಂದ ಕೆಳಕ್ಕೆ ಜಾರುತ್ತಿದೆ ಎಂದು 1967ರಲ್ಲಿ ಅವರು ಬರೆದರು. ಅದೇ ಹೊತ್ತಿಗೆ ಜಪಾನಿನ ಹೊಕ್ಕೈಡೊದಲ್ಲಿ ತೊಕುಜಿ ಉತ್ಸು ಮೊದಲು ಹೇಳಿದ ಒಗಟಿಗೂ ಇಂಥದೇ ಉತ್ತರ ಕಂಡುಕೊಂಡಿದ್ದರು: ತಣ್ಣನೆಯ ಹಲಗೆ ಅಲೆಗಳನ್ನು ಪೆಸಿಫಿಕ್ ಕರಾವಳಿಗೆ ದಾಟಿಸುತ್ತದೆ, ಹತ್ತಿರದ ಊರುಗಳ ದಾರಿಯಲ್ಲಿ ಮೆತ್ತಗಿನ ಶಿಲೆ ಅವನ್ನು ನುಂಗುತ್ತದೆ. ಅಲೆ ತಂದದ್ದರಷ್ಟೇ ದಾರಿಯಲ್ಲಿ ಕಳೆದುಕೊಂಡದ್ದೂ ಮಾತಾಡುತ್ತದೆ ಎಂಬ ಈ ಹೊಳಹೇ ಇಡೀ ಕಥೆಯಲ್ಲಿ ನನಗೆ ಅತಿ ಸೊಗಸಾಗಿ ಕಾಣುವುದು.

1970ರ ದಶಕದಲ್ಲಿ ಭೂಕಂಪ ವಿಜ್ಞಾನಿ ಕೇಯಿತಿ ಅಕಿ ಮತ್ತಿತರರು, ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಂತೆ, ಸಾವಿರಾರು ಅಲೆಗಳ ಪಯಣದ ಸಮಯ ಕೂಡಿಸಿ ಭೂಗರ್ಭದ ಚಿತ್ರ ಬಿಡಿಸುವ ವಿಧಾನ ರೂಪಿಸಿದರು. ಚಿತ್ರದ ಸ್ಪಷ್ಟತೆ ಮಾತ್ರ ಮಾಪಕಗಳು ಎಲ್ಲಿವೆ ಎಂಬುದನ್ನೇ ನೆಚ್ಚಿಕೊಂಡಿತ್ತು. (ಅಣುಸ್ಫೋಟಗಳ ಪತ್ತೆಗೆಂದು 1965ರಲ್ಲಿ ನಮ್ಮ ಗೌರಿಬಿದನೂರಿನಲ್ಲಿ ಹೂಡಿದ ಮಾಪಕಗಳಿಗೂ ದೂರದೂರದ ಭೂಕಂಪಗಳು ಕೇಳಿಸುತ್ತವೆ.)

2011ರ ಮಾರ್ಚ್ 11ರಂದು ಜಪಾನಿನಲ್ಲಿ 9.0 ತೀವ್ರತೆಯ ಭೂಕಂಪವಾದಾಗ ಒಡೆದದ್ದು ಸಮುದ್ರದಡಿಯ ಭಾಗ. ಮಾಪಕಗಳಲ್ಲಿ ಹೆಚ್ಚಿನವು ಇದ್ದದ್ದು ನೆಲದ ಮೇಲೆ. ಆ ಆಘಾತದ ಬಳಿಕ, ಸುಮಾರು 5,500 ಕಿ.ಮೀ. ಕೇಬಲ್ಲಿಗೆ ಪೋಣಿಸಿದ 150 ವೀಕ್ಷಣಾ ಕೇಂದ್ರಗಳು ಅಲ್ಲಿನ ಕಡಲತಳಕ್ಕೆ ಇಳಿದವು.