ಕಾರವಾರದ ಕಡಲಿಗೆ ಕಾವಲು ಯಾರದು?

ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಒಂದು ಮೀನುಗಾರಿಕಾ ಬೋಟಿನ ಮೇಲೆ ಎಷ್ಟು ಕಚೇರಿಗಳ ಅಧಿಕಾರವಿದೆ? ನೋಂದಣಿ, ಪರವಾನಗಿ ಮೀನುಗಾರಿಕೆ ಇಲಾಖೆಯದು. ದಡಕ್ಕೆ ಹತ್ತಿರದ ನೀರಿನಲ್ಲಿ ತಡೆದು ವಿಚಾರಿಸುವವರು ರಾಜ್ಯದ ಕರಾವಳಿ ಕಾವಲು ಪೊಲೀಸರು, ಅದರಾಚೆ ಕೋಸ್ಟ್ ಗಾರ್ಡ್, ಇನ್ನೂ ಆಚೆ ನೌಕಾಪಡೆ. ಕಳ್ಳಸಾಗಣೆಯ ಶಂಕೆ ಬಂದರೆ ಕಸ್ಟಮ್ಸ್. ಬೋಟು ಅರ್ಗಾ ಊರು, ಅಂಜುದೀವ್ ದ್ವೀಪದ ಕಡೆಗೆ ತುಸು ವಾಲಿತೆಂದರೆ ನೌಕಾನೆಲೆಯ ನಿರ್ಬಂಧಿತ ಪ್ರದೇಶ. ದಿಲ್ಲಿಯಲ್ಲಿ ಇವರ ಫೈಲುಗಳು ರಕ್ಷಣೆ, ಗೃಹ, ಹಣಕಾಸು, ಮೀನುಗಾರಿಕೆ ಎಂದು ಬೇರೆ ಬೇರೆ ಸಚಿವಾಲಯಗಳಲ್ಲಿ ಓಡಾಡುತ್ತವೆ. ಈ ವ್ಯವಸ್ಥೆಯನ್ನು ಯಾರೂ ಒಮ್ಮೆಗೇ ಕುಳಿತು ರೂಪಿಸಿದ್ದಲ್ಲ. ಒಂದೊಂದು ಆಘಾತದ ನಂತರ ಒಂದೊಂದು ಪದರ ಸೇರುತ್ತ ಬಂತು.

ಸ್ವಾತಂತ್ರ್ಯದ ನಂತರದ ಮೂರು ದಶಕ ಕಡಲೆಂದರೆ ನೌಕಾಪಡೆ ಮತ್ತು ಕಸ್ಟಮ್ಸ್, ಅಷ್ಟೇ. ಪಶ್ಚಿಮ ಕರಾವಳಿಯಲ್ಲಿ ಚಿನ್ನದ ಕಳ್ಳಸಾಗಣೆ ಕೈಮೀರಿದಾಗ ಕೆ.ಎಫ್. ರುಸ್ತಮ್‌ಜಿ ಸಮಿತಿ ಪ್ರತ್ಯೇಕ ಪಡೆ ಬೇಕೆಂದಿತು. 1976ರ ಸಾಗರ ವಲಯಗಳ ಕಾಯ್ದೆ 200 ನಾಟಿಕಲ್ ಮೈಲಿವರೆಗಿನ (ಸುಮಾರು 370 ಕಿಲೋಮೀಟರ್) ಕಡಲ ಸಂಪತ್ತಿನ ಮೇಲೆ ದೇಶದ ಹಕ್ಕನ್ನು ಸಾರಿತು. 1977ರ ಫೆಬ್ರುವರಿಯಲ್ಲಿ ಕೋಸ್ಟ್ ಗಾರ್ಡ್ ಆರಂಭವಾಗಿ, 1978ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು. 1993ರ ಮುಂಬೈ ಸ್ಫೋಟಗಳಿಗೆ ಬಳಸಿದ ಸ್ಫೋಟಕ ರಾಯಗಡ ಜಿಲ್ಲೆಯ ಕಡಲತಡಿಯಲ್ಲಿ ಇಳಿದಿತ್ತು. ಆಗ ಮಹಾರಾಷ್ಟ್ರ, ಗುಜರಾತ್ ಕಡಲಿನಲ್ಲಿ ಜಂಟಿ ಗಸ್ತು ಶುರುವಾಯಿತು. ಕಾರ್ಗಿಲ್ ಯುದ್ಧದ ನಂತರ ಸಚಿವರ ಗುಂಪು 2001ರಲ್ಲಿ ಕರಾವಳಿಗೆ ಪ್ರತ್ಯೇಕ ಪೊಲೀಸ್ ಬೇಕೆಂದು ಹೇಳಿತು. ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅಷ್ಟರಲ್ಲಿ ಬೇರೊಂದು ದಾರಿಯಿಂದ ಕಡಲ ಭದ್ರತೆ ಬಂದಿತ್ತು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಈ ಎರಡು ದಿನಾಂಕಗಳ ನಡುವೆ ಸಾವಿರಾರು ಕುಟುಂಬಗಳು ಮನೆ, ತೋಟ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ದೇಶದ ಭದ್ರತೆಗೆ ಈ ಜಿಲ್ಲೆ ಕೊಟ್ಟಿದ್ದು ಬರೀ ಬೆಂಬಲದ ಮಾತನ್ನಲ್ಲ, ನೆಲವನ್ನು. ಕಡಲ ಕಾವಲಿನ ಚರ್ಚೆಯಲ್ಲಿ ಇಲ್ಲಿಯವರ ಮಾತಿಗೆ ಹೆಚ್ಚು ತೂಕ ಸಿಗಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

2008ರ ನವೆಂಬರ್ 26 ಎಲ್ಲವನ್ನೂ ಬದಲಿಸಿತು. ಹತ್ತು ಭಯೋತ್ಪಾದಕರು ಮುಂಬೈ ಸಮೀಪಿಸಿದ್ದು ‘ಕುಬೇರ’ ಎಂಬ ಭಾರತೀಯ ಮೀನುಗಾರಿಕಾ ಬೋಟನ್ನು ಅಪಹರಿಸಿ. ಅಂದಿನಿಂದ ಪ್ರತಿ ಮೀನುಗಾರಿಕಾ ಬೋಟೂ ಕಡಲಿನ ಕಣ್ಣೂ ಹೌದು, ಶಂಕೆಯ ವಸ್ತುವೂ ಹೌದು. ಕರಾವಳಿ ಸೇರಿದಂತೆ ಒಟ್ಟಾರೆ ಸಾಗರ ಭದ್ರತೆಯ ಹೊಣೆಯನ್ನು 2009ರಲ್ಲಿ ನೌಕಾಪಡೆಗೆ ವಹಿಸಲಾಯಿತು. 12 ನಾಟಿಕಲ್ ಮೈಲಿಯೊಳಗಿನ, ಅಂದರೆ ಸುಮಾರು 22 ಕಿಲೋಮೀಟರಿನೊಳಗಿನ ನೀರಿಗೆ ಕೋಸ್ಟ್ ಗಾರ್ಡ್ ಹೊಣೆಗಾರವಾಯಿತು. ಪೊಲೀಸರ ಗಸ್ತಿನ ಪ್ರದೇಶವೂ ಅದರಲ್ಲಿ ಸೇರಿತು. ಸಂಪುಟ ಕಾರ್ಯದರ್ಶಿ ನೇತೃತ್ವದಲ್ಲಿ ರಾಷ್ಟ್ರೀಯ ಸಮಿತಿ, ಮುಂಬೈ, ಕೊಚ್ಚಿ, ವಿಶಾಖಪಟ್ಟಣ, ಪೋರ್ಟ್ ಬ್ಲೇರ್‌ಗಳಲ್ಲಿ ಜಂಟಿ ಕಾರ್ಯಾಚರಣೆ ಕೇಂದ್ರಗಳು, ದಡದುದ್ದಕ್ಕೂ ರೇಡಾರ್ ಸರಪಳಿ ಬಂದವು.

ಮೇಲ್ಮಟ್ಟದ ಈ ಮರುಜೋಡಣೆ ದೊಡ್ಡ ಕೆಲಸವೇ. ಕೆಳಗಿನ ಕಥೆ ಬೇರೆ. ರಾಜ್ಯದ ಒಂಬತ್ತು ಕರಾವಳಿ ಕಾವಲು ಠಾಣೆಗಳಲ್ಲಿ ಐದು ನಮ್ಮ ಜಿಲ್ಲೆಯಲ್ಲಿವೆ: ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರ. ಕೇಂದ್ರದ ಯೋಜನೆಯಲ್ಲಿ ಬಂದದ್ದು 5 ಟನ್, 12 ಟನ್‌ಗಳ ಸಣ್ಣ ವೇಗದ ಬೋಟುಗಳು. ಉಪ್ಪುನೀರಿನಲ್ಲಿ ಎಂಜಿನ್ ಬೇಗ ಸವೆಯುತ್ತದೆ, ಬಿಡಿಭಾಗಕ್ಕೆ ಕಾಯಬೇಕಾಗುತ್ತದೆ, ಮಳೆಗಾಲದ ಅಬ್ಬರಕ್ಕೆ ಇಷ್ಟು ಸಣ್ಣ ಬೋಟು ತಾಳುವುದು ಕಷ್ಟ. ನೆಲದ ಠಾಣೆಗಾಗಿ ತರಬೇತಾದ ಪೊಲೀಸ್ ಸಿಬ್ಬಂದಿಗೆ ಕಡಲು ಒಗ್ಗುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದಿರುತ್ತದೆ.

ಮೀನುಗಾರನ ಕಡೆಯಿಂದ ನೋಡಿದರೆ ಇದೇ ವ್ಯವಸ್ಥೆ ಇನ್ನೊಂದು ರೂಪ ತಾಳುತ್ತದೆ. ನಡುಗಡಲಲ್ಲಿ ತಪಾಸಣೆಯ ಬೋಟು ಪಕ್ಕಕ್ಕೆ ಬಂದರೆ ಬೋಟು ನಡೆಸುವ ತಾಂಡೇಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ನೋಂದಣಿ ಪತ್ರ, ಪರವಾನಗಿ, ಕಲಾಸಿಗಳ ಗುರುತಿನ ಚೀಟಿಗಳನ್ನು ಹೊರಗೆ ತೆಗೆಯಬೇಕು. ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗರಿದ್ದರೆ ಪ್ರಶ್ನೆಗಳು ಹೆಚ್ಚು. ಅಷ್ಟು ಹೊತ್ತು ಬಲೆ ಎಳೆಯುವ ಕೆಲಸ ನಿಲ್ಲುತ್ತದೆ. ತಪಾಸಣೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಒಬ್ಬರು ನೋಡಿದ ಕಾಗದ ಮತ್ತೊಬ್ಬರಿಗೂ ಸಾಕಾಗಲಿ ಎಂಬುದಷ್ಟೇ ಕೋರಿಕೆ.

ಈ ಪದರಗಳ ನಡುವಿನ ಬಿರುಕು ಕರಾವಳಿಗೆ ಕಣ್ಣಾರೆ ಕಂಡದ್ದು 2018ರ ಡಿಸೆಂಬರಿನಲ್ಲಿ. ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಡಿಸೆಂಬರ್ 15ರ ರಾತ್ರಿ ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ಸಂಪರ್ಕ ಕಳೆದುಕೊಂಡಿತು. ಏಳು ಮೀನುಗಾರರಲ್ಲಿ ಐವರು ಉತ್ತರ ಕನ್ನಡದವರು. ಮೂರು ರಾಜ್ಯಗಳ ಪೊಲೀಸರು, ಕೋಸ್ಟ್ ಗಾರ್ಡ್, ನೌಕಾಪಡೆ ಎಲ್ಲರೂ ಹುಡುಕಿದರು. ಮನೆಯವರಿಗೆ ಮಾತ್ರ ದಿನದ ಕೊನೆಗೆ ಇಂದು ಏನಾಯಿತೆಂದು ತಿಳಿಸುವ ಒಂದು ಜವಾಬ್ದಾರಿಯುತ ಬಾಗಿಲು ಇರಲಿಲ್ಲ. 2019ರ ಜನವರಿಯಲ್ಲಿ ಮಲ್ಪೆಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದರು. ಬೋಟಿನ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಸುಮಾರು 60 ಮೀಟರ್ ಆಳದಲ್ಲಿ ಪತ್ತೆ ಹಚ್ಚಿದಾಗ ಮೇ ತಿಂಗಳು ಬಂದಿತ್ತು. ಅವಘಡದ ಕಾರಣದ ಕುರಿತ ವಾದ ಪ್ರತಿವಾದ ಬೇರೆಯೇ ವಿಷಯ. ಅಷ್ಟು ಕಣ್ಣುಗಳಿದ್ದ ಕಡಲಿನಲ್ಲಿ ಒಂದು ಬೋಟಿಗಾಗಿ ನಾಲ್ಕೂವರೆ ತಿಂಗಳು ಹುಡುಕಬೇಕಾಯಿತಲ್ಲ, ಆ ನೋವು ಇಂದಿಗೂ ಈ ಮನೆಗಳಲ್ಲಿದೆ.

ಮುಂದೆ 2022ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಸಾಗರ ಭದ್ರತಾ ಸಂಯೋಜಕ ಎಂಬ ಹುದ್ದೆಗೆ ನಿವೃತ್ತ ವೈಸ್ ಅಡ್ಮಿರಲ್ ಜಿ. ಅಶೋಕ್ ಕುಮಾರ್ ನೇಮಕಗೊಂಡರು. ಇಲಾಖೆಗಳ ನಡುವೆ ಸೇತುವೆಯಾಗುವುದು ಆ ಹುದ್ದೆಯ ಕೆಲಸ. 2024ರಲ್ಲಿ 364 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆ ಆರಂಭವಾಯಿತು. ಮೊಬೈಲ್ ಸಿಗ್ನಲ್ ಸಿಗದ ದೂರದಿಂದಲೂ ಅಪಾಯದ ಸಂದೇಶ ಕಳುಹಿಸಬಲ್ಲ ಈ ಸಾಧನವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹೊಸ ಪದರಗಳಲ್ಲಿ ಮೀನುಗಾರನ ಪ್ರಾಣವನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಂಡದ್ದು ಇದು.

ದಿಲ್ಲಿಯಲ್ಲಿ ಸಂಯೋಜಕರಿರುವಂತೆ ಜಿಲ್ಲೆಗೂ ಒಬ್ಬರು ಬೇಕು. ಬೋಟು ನಾಪತ್ತೆಯಾದ ರಾತ್ರಿ 1093ಕ್ಕೆ ಕರೆ ಮಾಡಿದರೆ ಕರಾವಳಿ ಕಾವಲು ಪೊಲೀಸರು, 1554ಕ್ಕೆ ಮಾಡಿದರೆ ಕೋಸ್ಟ್ ಗಾರ್ಡ್. ಎರಡೂ ಕರೆಗಳ ಮಾಹಿತಿ ಒಂದೇ ಮೇಜಿಗೆ ಬಂದು, ಅಲ್ಲಿಂದಲೇ ಮನೆಯವರಿಗೂ ಮೀನುಗಾರರ ಸಂಘಕ್ಕೂ ಉತ್ತರ ಹೋಗಬೇಕು. ಆ ಮೇಜು ಕಾರವಾರದಲ್ಲಿರಬೇಕು, ಅಲ್ಲಿ ಕೂರುವವರು ಕಡಲಿಗಾಗಿಯೇ ನೇಮಕವಾದವರಾಗಿರಬೇಕು. ಬೋಟು ದುರಸ್ತಿಯ ಕಾರ್ಯಾಗಾರವೂ ಇಲ್ಲಿಯೇ ಆಗಬೇಕು, ಅದೂ ಮುಂದಿನ ಮಳೆಗಾಲಕ್ಕೆ ಮೊದಲು.